ವೇಸ್ಟ್ ಫೋಲ್ಡರಿನೊಳಗಿನ ಜವಾಬು

"ಇದರಾಗ ನಿಂತಾಕಿ ನಾನ. ಖರೆ ಇದು ನಡದದ್ದು ಹಿಂಗಲ್ಲ," ಎನ್ನುತ್ತ ಆ ಹೆಂಗಸು ತಮ್ಮ ಫೋನನ್ನು ನನ್ನ ಕೀಬೋರ್ಡಿನ ಮೇಲೆಯೇ ಇಟ್ಟರು. ಐನಾಪುರದ ನಮ್ಮ ಸ್ಟುಡಿಯೋದಲ್ಲಿ ಆಗ ಮದುವೆ ಸೀಸನ್ನಿನ ಕೆಲಸ ರಾಶಿ ಬಿದ್ದಿತ್ತು. ಶೂಟಿಂಗಿಗೆ ಹೋಗುವವರು ನಮ್ಮ ಮನೆಯವರು, ಎಡಿಟಿಂಗ್ ಪೂರಾ ನನ್ನದು. ಆದರೂ ಬಂದ ಗಿರಾಕಿಗಳು ಕಂಪ್ಯೂಟರ್ ಮುಂದೆ ಕೂತ ನನ್ನನ್ನು ಬಿಟ್ಟು, ಪಕ್ಕದಲ್ಲಿ ಟ್ರೈಪಾಡ್ ಒರೆಸುತ್ತ ನಿಂತ ಅವರ ಮುಖ ನೋಡಿಯೇ ಮಾತಾಡುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ. ಈಕೆ ಮಾತ್ರ ಒಳಗೆ ಬಂದವರೇ ನೇರವಾಗಿ ನನ್ನ ಹತ್ತಿರ ಬಂದಿದ್ದರು.

ಆಕೆ ದಿಗ್ಗೇವಾಡಿಯವರು, ಹರದೇಶಿ-ನಾಗೇಶಿ ಮೇಳದಲ್ಲಿ ನಾಗೇಶಿ ಹಾಡುತ್ತಿದ್ದವರು. ನಮ್ಮ ಕಡೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗಾಗಿ ಎರಡು ಮಾತು. ಒಂದೇ ವೇದಿಕೆಯ ಮೇಲೆ ಎರಡು ಮೇಳ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎನ್ನುತ್ತಾರೆ. ಒಬ್ಬರು ಹಾಡಿನಲ್ಲಿ ಸವಾಲು ಎಸೆದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಜವಾಬು ಬಾರದೆ ನಿಂತರೆ ಸೋತಂತೆ. ಜನ ಸೀಟಿ ಹೊಡೆದು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ.

ಫೋನಿನಲ್ಲಿದ್ದ ಕ್ಲಿಪ್ಪಿನಲ್ಲಿ ಆದದ್ದೂ ಅದೇ. ಅಕ್ಕೋಳದಲ್ಲಿ ಬಹಳ ವರ್ಷಗಳ ಹಿಂದೆ ನಡೆದ ಕಾರ್ಯಕ್ರಮ. ಹರದೇಶಿ ಹಾಡುಗಾರ ಎದೆ ಉಬ್ಬಿಸಿ ಸವಾಲು ಹಾಕುತ್ತಾನೆ: ಬೀಜ ನಂದು, ಮಳಿ ನಂದು, ನೇಗಿಲ ನಂದು, ಬೆಳಿ ಯಾರದು ಹೇಳ? ಈಕೆ ತಲೆ ತಗ್ಗಿಸಿ ನಿಲ್ಲುತ್ತಾರೆ. ಜನ ನಗುತ್ತಾರೆ. ಮರುಕ್ಷಣ ಆ ಹಾಡುಗಾರನ ಕೊರಳಿಗೆ ಹಾರ, ತಲೆಗೆ ಫೇಟಾ. ಯಾರೋ ಪುಣ್ಯಾತ್ಮರು ಅದರ ಕೆಳಗೆ ನಗುವ ಮುಖಗಳನ್ನು ಅಂಟಿಸಿ, ನಾಗೇಶಿ ಬಾಯಿ ಮುಚ್ಚಿತು ಎಂದು ಬರೆದು ಬಿಟ್ಟಿದ್ದರು. ಚಿಕ್ಕೋಡಿಯಿಂದ ಅಥಣಿವರೆಗೆ ಅದು ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು.

ಬರೀ ನಗೆಪಾಟಲಾಗಿದ್ದರೆ ಆಕೆ ನನ್ನವರೆಗೂ ಬರುತ್ತಿರಲಿಲ್ಲ. ರಾಯಬಾಗದಲ್ಲಿ ಹೊಸ ಹಾಡುಗಾರ್ತಿಯರ ಸ್ಪರ್ಧೆ ಇತ್ತು, ಆಕೆಯನ್ನು ನಿರ್ಣಾಯಕರ ಖುರ್ಚಿಗೆ ಕರೆದಿದ್ದರು. ಈ ಭಾಗದಲ್ಲಿ ಆ ಖುರ್ಚಿಯಲ್ಲಿ ಅಲ್ಲಿಯವರೆಗೆ ಹೆಂಗಸು ಕೂತದ್ದೇ ಇಲ್ಲವಂತೆ. ಕ್ಲಿಪ್ ಹಬ್ಬಿದ ಮೇಲೆ ಕಮಿಟಿಯ ಅಧ್ಯಕ್ಷರು ಫೋನ್ ಮಾಡಿ, ಈ ಸಲ ಬೇಡ, ಮುಂದಿನ ಸಲ ನೋಡೋಣ ಎಂದಿದ್ದರು. ಸವಾಲಿಗೆ ಬಾಯಿ ಬಾರದಾಕೆ ಬೇರೆಯವರ ಜವಾಬನ್ನು ಹೇಗೆ ತೂಗುತ್ತಾಳೆ ಎಂದು ಜನ ಕೇಳುತ್ತಾರಂತೆ.

"ನಾ ಜವಾಬು ಕೊಟ್ಟೇನಿ, ತಂಗಿ," ಎಂದರು ಆಕೆ. "ಅಂಥಾ ಜವಾಬು ನನ್ನ ಜನ್ಮದಾಗ ಇನ್ನೊಂದ ಕೊಟ್ಟಿಲ್ಲ."

ಸಾಕ್ಷಿ ಯಾರು ಎಂದು ಕೇಳಿದೆ. ಎದುರಿಗೆ ಹಾಡಿದ ಹರದೇಶಿಯವರು ತೀರಿಕೊಂಡಿದ್ದರು. ಆಕೆಯ ಮೇಳದಲ್ಲಿ ದಪ್ಪು ಎಂಬ ಚರ್ಮವಾದ್ಯ ಬಾರಿಸುತ್ತಿದ್ದವರೂ ಈಗ ಬದುಕಿರಲಿಲ್ಲ. ಅವತ್ತು ಮುಂದೆ ಕೂತು ಕೇಳಿದ ಜನ ಇದ್ದರು, ಆದರೆ ಅವರೂ ಈಗ ಕ್ಲಿಪ್ಪಿನಲ್ಲಿ ಇದ್ದಂತೆಯೇ ನೆನಪಿಸಿಕೊಳ್ಳುತ್ತಿದ್ದರು. ಹೌದಲ್ಲ, ನೀವು ಸುಮ್ಮನೆ ನಿಂತಿದ್ದಿರಿ, ನಮಗೂ ನೆನಪಿದೆ ಎನ್ನುತ್ತಿದ್ದರಂತೆ.

ಕ್ಲಿಪ್ಪನ್ನು ಇನ್ನೊಮ್ಮೆ ಹಾಕಿ ನಿಧಾನಕ್ಕೆ ನೋಡಿದೆ. ತಲೆ ತಗ್ಗಿಸಿ ನಿಂತ ದೃಶ್ಯದಲ್ಲಿ ವೇದಿಕೆಯ ಹಿಂದಿನ ಪರದೆ ಗಾಳಿಗೆ ಎಡಕ್ಕೆ ಉಬ್ಬಿತ್ತು. ಹಾರ ಹಾಕುವ ದೃಶ್ಯ ಬಂದಾಗ ಪರದೆ ಬಿಗಿಯಾಗಿ ಕಟ್ಟಿತ್ತು, ಮೈಕಿನ ಕಂಬವೂ ಬೇರೆ ಕಡೆ ಇತ್ತು. ನೋಡುವವರಿಗೆ ಅದು ಕಾಣುವುದಿಲ್ಲ. ದಿನವೂ ಬೀಗರ ನಗುವಿನ ನಡುವೆ ಕತ್ತರಿ ಆಡಿಸುವ ನನಗೆ ಕಾಣದೆ ಇರುತ್ತದೆಯೇ? ಅಲ್ಲಿ ಕಟ್ ಇತ್ತು. ನಮ್ಮ ಮನೆಯವರು ಸೀಸನ್ನಿನಲ್ಲಿ ಇದೆಲ್ಲ ಮೈಮೇಲೆ ಹಾಕಿಕೊಳ್ಳಬೇಡ, ಆಲ್ಬಮ್ಮಿಗೆ ಬೀಗರು ಬಾಗಿಲಿಗೆ ಬಂದು ನಿಂತಿದ್ದಾರೆ ಎಂದರು. ಬೀಗರು ನಿಂತಿರಲಿ, ಕಾಫಿ ಮಾಡಿಕೊಡಿ ಎಂದೆ.

ಆ ಕಾರ್ಯಕ್ರಮ ಶೂಟ್ ಮಾಡಿದವರು ನಿಪ್ಪಾಣಿಯವರೆಂದು ಹಾಡುಗಾರ್ತಿಗೆ ನೆನಪಿತ್ತು. ಇಬ್ಬರೂ ಬಸ್ಸಿನಲ್ಲಿ ಹೋದೆವು, ಚಿಕ್ಕೋಡಿಯಲ್ಲಿ ಇಳಿದು ಇನ್ನೊಂದು ಬಸ್ಸು. ಆ ಮನುಷ್ಯ ವಿಡಿಯೋ ಕೆಲಸ ಬಿಟ್ಟು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ ಹಾಕಿಕೊಂಡಿದ್ದರು. ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದರು. ಕ್ಲಿಪ್ ತಾವು ಬಿಟ್ಟದ್ದಲ್ಲ, ಆಗ ಮಾಡಿ ಕೊಟ್ಟ ಡಿವಿಡಿಯಿಂದ ಯಾರೋ ಫೋನಿಗೆ ಹಿಡಿದುಕೊಂಡದ್ದು ಎಂದರು. ಮೂಲ ಫುಟೇಜ್ ಕೇಳಿದ್ದಕ್ಕೆ ಒಳಗೆ ಹೋಗಿ, ಹಳೆಯ ಬಿಸ್ಕತ್ತಿನ ಡಬ್ಬದಿಂದ ಒಂದು ಹಾರ್ಡ್‌ಡಿಸ್ಕ್ ತಂದು ಕೊಟ್ಟರು.

"ತೊಗೊಂಡ ಹೋಗ್ರಿ ವೈನಿ, ನನಗ ಅದರದೇನ ಕಾಮ ಇಲ್ಲ. ಖರೆ ಅದು ಚಾಲೂ ಆಗೂದು ಭಾಳ ತ್ರಾಸದ್ದು. ಆವಾಗ ನನಗೂ ಭಾಳ ಕಾಡೇತಿ."

ಆ ಮಾತು ಸುಳ್ಳಾಗಲಿಲ್ಲ. ಡಿಸ್ಕಿನಲ್ಲಿದ್ದದ್ದನ್ನೆಲ್ಲ ಮೊದಲು ನನ್ನ ಕಂಪ್ಯೂಟರಿಗೆ ಇಳಿಸಿಕೊಂಡೆ. ಮೂಲವನ್ನು ಮುಟ್ಟದೆ ಪ್ರತಿಯ ಮೇಲೆ ಕೆಲಸ ಮಾಡುವುದು ನನ್ನ ಮಟ್ಟಿಗೆ ಮಡಿ ಇದ್ದ ಹಾಗೆ. ಒಳಗೆ ಸಾಲಾಗಿ ಎಂಟಿಎಸ್ ಫೈಲುಗಳು. ಹಳೆಯ ಎಚ್‌ಡಿ ಕ್ಯಾಮೆರಾಗಳು ಹೀಗೆಯೇ ಇಡುತ್ತಿದ್ದವು. ಒಂದನ್ನು ತೆರೆದರೆ ಚಿತ್ರ ಬಂತು, ಎಡವುತ್ತ ಬಂತು. ಎಡಿಟಿಂಗ್ ಸಾಫ್ಟ್‌ವೇರಿಗೆ ಹಾಕಿದರೆ ಬಾಯಿ ಆಡುತ್ತದೆ, ದನಿಯೇ ಇಲ್ಲ. ಆ ಕ್ಯಾಮೆರಾ ದನಿಯನ್ನು ಬರೆದ ರೀತಿ ನನ್ನ ಸಾಫ್ಟ್‌ವೇರಿಗೆ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹಾಡುಗಾರ್ತಿ ಅದನ್ನು ನೋಡಿ, ಇದೂ ನನ್ನ ಬಾಯಿ ಕಟ್ಟಿತೇನು ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಎಡವುವುದಕ್ಕೂ ಕಾರಣವಿದೆ. ಈ ಬಗೆಯ ಫೈಲಿನಲ್ಲಿ ಪ್ರತಿ ಚಿತ್ರವೂ ಪೂರ್ತಿ ಇರುವುದಿಲ್ಲ. ಒಂದು ಪೂರ್ತಿ ಚಿತ್ರ ಇಟ್ಟು, ಮುಂದಿನವುಗಳಲ್ಲಿ ಏನು ಬದಲಾಯಿತು ಎಂಬುದನ್ನಷ್ಟೇ ಬರೆದಿರುತ್ತದೆ. ಸುಮ್ಮನೆ ನೋಡುವುದಕ್ಕೆ ಅಷ್ಟು ಸಾಕು. ಎಡಿಟಿಂಗಿನಲ್ಲಿ ನಡುವೆ ಎಲ್ಲಿ ನಿಲ್ಲಿಸಿದರೂ ಕಂಪ್ಯೂಟರ್ ಹಿಂದೆ ಹೋಗಿ ಪೂರ್ತಿ ಚಿತ್ರ ಹುಡುಕಿ, ಲೆಕ್ಕ ಹಾಕುತ್ತ ಮುಂದೆ ಬರಬೇಕು. ನನ್ನ ಹಳೆಯ ಯಂತ್ರಕ್ಕೆ ಅಷ್ಟು ಉಸಿರಿಲ್ಲ. ಪ್ರತಿ ಚಿತ್ರವನ್ನೂ ಪೂರ್ತಿ ಇಡುವ ದೊಡ್ಡ ಫೈಲಾಗಿ ಮೊದಲು ಪರಿವರ್ತಿಸಿಕೊಳ್ಳಬೇಕು, ಡಿಸ್ಕ್ ತುಂಬಿದರೂ ಚಿಂತೆಯಿಲ್ಲ. ದನಿಯನ್ನೂ ಆಗಲೇ ಸಾದಾ ರೂಪಕ್ಕೆ ತಂದುಕೊಂಡರೆ ಸಾಫ್ಟ್‌ವೇರ್ ತಕರಾರು ಮಾಡುವುದಿಲ್ಲ.

ಆದರೆ ಪರಿವರ್ತಿಸಲು ಜವಾಬು ಇರುವ ಫೈಲು ಬೇಕಲ್ಲ? ಅದೇ ಇರಲಿಲ್ಲ. ಸವಾಲು ಇದ್ದ ಫೈಲು ಆಕೆ ನಿಂತಲ್ಲಿಗೆ ಮುಗಿಯುತ್ತಿತ್ತು. ಮುಂದಿನ ಫೈಲಿನಲ್ಲಿ ಹಾರ, ಫೇಟಾ. ಪೂರ್ತಿ ನೋಡಿದಾಗ ಆ ಹಾರದ ಗುಟ್ಟೂ ತಿಳಿಯಿತು. ಅದು ಗೆದ್ದವರ ಹಾರವೇ ಅಲ್ಲ. ನಡುವೆ ಯಾರೋ ಪುಢಾರಿ ಬಂದಿದ್ದರು. ನಮ್ಮ ಕಡೆ ಪುಢಾರಿ ಬಂದರೆ ಹಾಡು ನಿಲ್ಲುತ್ತದೆ, ಸತ್ಕಾರ ಶುರುವಾಗುತ್ತದೆ. ಮೊದಲು ಹರದೇಶಿಯವರಿಗೆ ಹಾರ, ಆಮೇಲೆ ಈಕೆಗೂ ಶಾಲು. ಕ್ಲಿಪ್ ಮಾಡಿದವರು ಶಾಲಿಗೆ ಮೊದಲೇ ಕತ್ತರಿಸಿದ್ದರು.

ನಿಪ್ಪಾಣಿಗೆ ಫೋನ್ ಮಾಡಿದೆ. ಎರಡು ಕಾರ್ಡುಗಳಲ್ಲಿ ಶೂಟ್ ಮಾಡಿದ್ದು, ಎರಡನ್ನೂ ಒಂದೇ ಕಡೆ ಇಳಿಸಿದ್ದು ಎಂದರು. ಫೈಲುಗಳು ಯಾವ ಕ್ರಮದಲ್ಲಿ ಬರುತ್ತವೆ ಎಂದು ಕ್ಯಾಮೆರಾ ಬೇರೆ ಪುಟ್ಟ ಫೈಲುಗಳಲ್ಲಿ ಬರೆದಿಟ್ಟಿರುತ್ತದೆ, ಅವು ಎಲ್ಲಿ ಎಂದು ಕೇಳಿದೆ. ಅವನ್ನು ಕಚರಾ ಎಂದು ಅಳಿಸಿದ್ದರು. ಅವರನ್ನು ಬೈದು ಉಪಯೋಗವಿಲ್ಲ. ನಮ್ಮ ಭಾಗದ ಮದುವೆ ವಿಡಿಯೋದವರೆಲ್ಲ ಕಾರ್ಡ್ ಇಳಿಸಿದ ಕೂಡಲೇ ಮಾಡುವ ಮೊದಲ ಕೆಲಸವೇ ಅದು. ಒಬ್ಬರಿಂದ ಒಬ್ಬರು ನೋಡಿ ಕಲಿತದ್ದು. ಆ ಪುಟ್ಟ ಫೈಲುಗಳಿಂದ ವೈರಸ್ ಬರುತ್ತದೆ ಎಂದು ನಂಬಿದವರನ್ನೂ ನಾನು ಬಲ್ಲೆ.

ಆಮೇಲೆ ಹೊಳೆಯಿತು. ನಮ್ಮ ಕಸುಬಿನಲ್ಲಿ ಇನ್ನೊಂದು ರೂಢಿ ಉಂಟು. ಫೈಲುಗಳನ್ನು ಆರಿಸುವಾಗ ಯಾರೂ ಪೂರ್ತಿ ನೋಡುವುದಿಲ್ಲ, ಅಷ್ಟು ಪುರುಸೊತ್ತು ಎಲ್ಲಿಯದು? ಪ್ರತಿ ಫೈಲಿನ ಮೊದಲ ಚಿತ್ರ ಪರದೆಯ ಮೇಲೆ ಚಿಕ್ಕದಾಗಿ ಕಾಣುತ್ತದೆ. ಅದರಲ್ಲಿ ತಾಳಿ, ಅಕ್ಷತೆ, ಹಾರ, ಊಟದ ಪಂಕ್ತಿ ಕಂಡರೆ ಫೈಲು ಉಳಿಯುತ್ತದೆ. ಯಾರೋ ಸುಮ್ಮನೆ ನಿಂತದ್ದು ಕಂಡರೆ ಅದು ವೇಸ್ಟ್. ಹಾಡುಗಾರ್ತಿ ಸುಮ್ಮನೆ ನಿಂತಾಗಲೇ ಕ್ಯಾಮೆರಾ ಹಳೆಯ ಫೈಲು ತುಂಬಿ ಹೊಸದನ್ನು ತೆರೆದಿದ್ದರೆ, ಹೊಸದರ ಮೊದಲ ಚಿತ್ರವೂ ಸುಮ್ಮನೆ ನಿಂತ ಹೆಂಗಸೇ ಆಗಿರಬೇಕು.

ಡಿಸ್ಕಿನ ಮೂಲೆಯಲ್ಲಿ ವೇಸ್ಟ್ ಎಂಬ ಹೆಸರಿನ ಫೋಲ್ಡರ್ ಇತ್ತು. ಅಂಥದ್ದು ನನ್ನ ಕಂಪ್ಯೂಟರಿನಲ್ಲೂ ಇದೆ, ಎಲ್ಲ ಸ್ಟುಡಿಯೋಗಳಲ್ಲೂ ಇದೆ. ತೆರೆದರೆ ಬರೇ ನಿಂತವರು, ಕೂತವರು, ಕತ್ತಲೆ, ಯಾರದೋ ಬೆನ್ನು. ಹೆಸರುಗಳೂ ಕಲಸಿಹೋಗಿದ್ದವು. ಎರಡು ಕಾರ್ಡಿನಲ್ಲೂ ಒಂದೇ ಸಂಖ್ಯೆಯ ಫೈಲುಗಳಿದ್ದುದರಿಂದ ಇಳಿಸುವಾಗ ಅರ್ಧಕ್ಕೆ ಹೊಸ ಹೆಸರು ಬಿದ್ದಿತ್ತು. ಆಕೆ ನಿಂತದ್ದೇ ನಾಲ್ಕಾರು ಫೈಲುಗಳಲ್ಲಿ ಇತ್ತು. ಎಡವುತ್ತ ಓಡುವ ಚಿತ್ರದಲ್ಲಿ ಯಾವುದು ಯಾವುದರ ಮುಂದುವರಿಕೆ ಎಂದು ಕಣ್ಣಳತೆಯಲ್ಲಿ ಹೇಳಲು ನನಗೆ ಧೈರ್ಯ ಬರಲಿಲ್ಲ. ತಪ್ಪಿದರೆ ನಾನೂ ಒಂದು ಸುಳ್ಳು ಜೋಡಿಸಿದಂತೆ.

ಈ ಕ್ಯಾಮೆರಾಗಳು ಪ್ರತಿ ಚಿತ್ರದ ಹೊಟ್ಟೆಯಲ್ಲೂ ಅದು ರೆಕಾರ್ಡ್ ಆದ ಹೊತ್ತನ್ನು ಬರೆದಿರುತ್ತವೆ. ಫೈಲಿನ ಹೆಸರು ಬದಲಿಸಿದರೂ ಅದು ಹೋಗುವುದಿಲ್ಲ. ಅದನ್ನು ಓದುವ ಪುಟ್ಟ ಉಚಿತ ಪ್ರೋಗ್ರಾಮ್ ಹುಡುಕಿ ಹಾಕಿಕೊಂಡೆ. ಬಂದ ತಾರೀಖು ನೋಡಿ ತಲೆ ಕೆಟ್ಟಿತು. ಕ್ಯಾಮೆರಾದವರು ಗಡಿಯಾರ ಹೊಂದಿಸಿಯೇ ಇರಲಿಲ್ಲ, ಅದರ ಪ್ರಕಾರ ಹಾಡುಗಾರ್ತಿ ಮೇಳ ಸೇರುವುದಕ್ಕೂ ಎಷ್ಟೋ ವರ್ಷ ಮೊದಲೇ ಕಾರ್ಯಕ್ರಮ ಮುಗಿದಿತ್ತು. ಡಿಸ್ಕ್ ಎತ್ತಿ ಬಿಸಾಡುವಷ್ಟು ಸಿಟ್ಟು ಬಂತು. ನಮ್ಮ ಅತ್ತೆ ಒಳಗಿನಿಂದ ಊಟಕ್ಕೆ ಕರೆಯುತ್ತಿದ್ದರು. ನಮ್ಮದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿಯುವಾಗ ತಿಳಿಯಿತು: ಗಡಿಯಾರ ತಪ್ಪಿರಬಹುದು, ಆದರೆ ತಪ್ಪು ಗಡಿಯಾರವೂ ಮುಂದಕ್ಕೇ ಓಡುತ್ತದೆ. ನನಗೆ ಬೇಕಾದದ್ದು ಯಾವತ್ತು ಎಂಬುದಲ್ಲ, ಯಾವುದರ ಹಿಂದೆ ಯಾವುದು ಎಂಬುದು ಮಾತ್ರ.

ಎದ್ದು ಹೋಗಿ ನೋಡಿದೆ. ಸವಾಲಿನ ಫೈಲು ಮುಗಿದ ಕ್ಷಣಕ್ಕೆ ಸರಿಯಾಗಿ ಶುರುವಾಗುವ ಫೈಲು ವೇಸ್ಟಿನಲ್ಲಿ ಒಂದೇ ಒಂದಿತ್ತು.

ಮರುದಿನ ಹಾಡುಗಾರ್ತಿಯನ್ನು ಕರೆಸಿಕೊಂಡು ಎರಡನ್ನೂ ಒಂದು ಕನ್ವರ್ಟರಿಗೆ ಹಾಕಿದೆ. ಗುಂಡಿ ಒತ್ತಿದರೆ ಎಲ್ಲ ಅದೇ ಮಾಡುತ್ತದೆ ಎಂದು ಹೆಸರಾದ ಕನ್ವರ್ಟರ್. ಒಂದೊಂದನ್ನೂ ಬೇರೆ ಬೇರೆ ಪರಿವರ್ತಿಸಿ ಟೈಮ್‌ಲೈನಿನಲ್ಲಿ ಕೂಡಿಸಿದೆ. ಚಿತ್ರ ಚೆನ್ನಾಗಿಯೇ ಓಡಿತು. ಆಕೆ ಕಣ್ಣು ಮುಚ್ಚಿ ಕೇಳುತ್ತಿದ್ದರು, ಜೋಡಿಸಿದ ಜಾಗಕ್ಕೆ ಬಂದಾಗ ಮುಖ ಸಿಂಡರಿಸಿದರು.

"ಇಲ್ಲಿ ಏನೋ ಹೋಗೇತಿ ನೋಡ. ನಮ್ಮ ದಪ್ಪಿನವರು ಹಂಗ ಪೆಟ್ಟ ತಪ್ಪಿಸವರಲ್ಲ."

ಆಕೆ ಸುಮ್ಮನೆ ನಿಂತಾಗಲೂ ಹಿಂದೆ ದಪ್ಪು ಸಣ್ಣಗೆ ನುಡಿಯುತ್ತಲೇ ಇತ್ತು. ಇನ್ನೊಮ್ಮೆ ಕೇಳಿದಾಗ ನನಗೂ ತಿಳಿಯಿತು, ಸಮನಾಗಿ ಬರುತ್ತಿದ್ದ ಪೆಟ್ಟು ಅಲ್ಲಿ ಕುಂಟಿತ್ತು. ಕನ್ವರ್ಟರ್ ಪ್ರತಿ ಫೈಲಿನ ತುದಿಯಲ್ಲಿ ಚೂರು ದನಿ ನುಂಗುತ್ತಿತ್ತು. ಮದುವೆಯ ವಿಡಿಯೋದಲ್ಲಾದರೆ ಮೇಲೆ ಒಂದು ಸಿನಿಮಾ ಹಾಡು ಹಾಕಿ ಮುಚ್ಚಿಬಿಡುತ್ತಿದ್ದೆ, ಯಾರಪ್ಪನಿಗೂ ತಿಳಿಯುತ್ತಿರಲಿಲ್ಲ. ಇಲ್ಲಿ ಹಾಗೆ ಮಾಡುವಂತಿರಲಿಲ್ಲ. ಒಂದು ಪೆಟ್ಟು ಕುಂಟಿದರೂ ಇದು ಜೋಡಿಸಿದ್ದು ಎಂದು ಬೆರಳು ತೋರಿಸಲು ಜನ ಕಾದು ಕೂತಿದ್ದರು. ಎಲ್ಲ ಅಳಿಸಿ ಮತ್ತೆ ಮೊದಲಿನಿಂದ ಶುರುಮಾಡಿದೆ.

ಈ ಸಲ ಕ್ರಮ ತಿರುವಿದೆ. ಪರಿವರ್ತಿಸಿ ಜೋಡಿಸುವ ಬದಲು, ಜೋಡಿಸಿ ಪರಿವರ್ತಿಸುವುದು. ಎಂಟಿಎಸ್ ಫೈಲು ಚಿಕ್ಕ ಚಿಕ್ಕ ಪೊಟ್ಟಣಗಳ ಸಾಲು, ಅದರ ಬಾಲಕ್ಕೆ ಇನ್ನೊಂದರ ತಲೆಯನ್ನು ಇದ್ದಂತೆಯೇ ಅಂಟಿಸಬಹುದು. ಕಂಪ್ಯೂಟರಿಗೆ ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿಯಲ್ಲಿ ಒಂದು ಸಾಲು ಬರೆದು ಎರಡನ್ನೂ ಒಂದೇ ಫೈಲಾಗಿಸಿದೆ. ಆಮೇಲೆ ಆ ಒಂದನ್ನೇ ಪರಿವರ್ತನೆಗೆ ಹಾಕಿದೆ. ನಡುವೆ ಕರೆಂಟ್ ಹೋಗಿ, ಯುಪಿಎಸ್ ಕಿರುಚಿ, ಮತ್ತೆ ಮೊದಲಿಂದ ಹಾಕಬೇಕಾಯಿತು. ಮುಗಿದ ಮೇಲೆ ಆಕೆ ಮತ್ತೆ ಕಣ್ಣು ಮುಚ್ಚಿ ಕೇಳಿದರು. ಜೋಡಣೆಯ ಜಾಗ ದಾಟಿ ಮುಂದೆ ಹೋದದ್ದು ಅವರಿಗೆ ತಿಳಿಯಲೇ ಇಲ್ಲ. ನಾನು ಅಲ್ಲಿಗೇ ನಿಲ್ಲಿಸಿ ತೋರಿಸಿ ಹೇಳಬೇಕಾಯಿತು.

ದನಿ ಕೂಡಿತು, ಇನ್ನು ಚಿತ್ರ. ಆಕೆ ಕೈ ಆಡಿಸಿದರೆ ಬೆರಳಿನ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತೆ ಗೆರೆಗಳು ಏಳುತ್ತಿದ್ದವು. ಆ ಕ್ಯಾಮೆರಾಗಳು ಒಂದು ಚಿತ್ರವನ್ನು ಎರಡು ಅರ್ಧಗಳಾಗಿ ಹಿಡಿಯುತ್ತವೆ, ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು. ಹಳೆಯ ಟಿವಿಯಲ್ಲಿ ಅದು ಕಾಣುತ್ತಿರಲಿಲ್ಲ. ಸುಲಭದ ದಾರಿ ಎಂದರೆ ಒಂದು ಅರ್ಧ ಬಿಸಾಕಿ ಇನ್ನೊಂದನ್ನು ಹಿಗ್ಗಿಸುವುದು. ಡಿವಿಡಿ ಮಾಡುವಾಗ ನಿಪ್ಪಾಣಿಯವರು ಮಾಡಿದ್ದು ಬಹುಶಃ ಅದನ್ನೇ, ಮುಖವೆಲ್ಲ ಗಂಜಿಯಾಗಿತ್ತು. ನಾನು ಎರಡು ಅರ್ಧಗಳನ್ನೂ ಉಳಿಸಿಕೊಂಡು, ಪ್ರತಿ ಅರ್ಧದಿಂದ ಒಂದು ಪೂರ್ತಿ ಚಿತ್ರ ಕಟ್ಟುವ ದಾರಿ ಹಿಡಿದೆ. ಮೊದಲ ಸಲ ಅರ್ಧಗಳ ಸರದಿ ತಪ್ಪಾಗಿ ಕೊಟ್ಟು, ಆಕೆ ಒಂದು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ನಡುಗುತ್ತಿದ್ದರು. ಸರದಿ ತಿರುವಿ ಕೊಟ್ಟ ಮೇಲೆ ಚಿತ್ರ ನಿಂತಿತು.

ಚಿತ್ರ ನಿಂತಾಗಲೇ ನಾನು ಅದನ್ನು ಕಂಡದ್ದು. ಫೋನಿನ ಕ್ಲಿಪ್ಪಿನಲ್ಲಿ ಆಕೆ ನಾಚಿ ತಲೆ ತಗ್ಗಿಸಿದಂತೆ ಕಾಣುತ್ತಿತ್ತಲ್ಲ, ಈಗ ಪೂರ್ತಿ ಎಚ್‌ಡಿಯಲ್ಲಿ ಕಣ್ಣುಗಳು ಕಂಡವು. ಆಕೆ ನೆಲ ನೋಡುತ್ತಿರಲಿಲ್ಲ. ಎದುರಿಗೆ ನಿಂತ ಹರದೇಶಿಯವನ ಕಾಲುಗಳನ್ನು ನೋಡುತ್ತಿದ್ದರು. ಬಲಗಾಲು, ಎಡಗಾಲು, ಮತ್ತೆ ಬಲಗಾಲು. ತುಟಿಯ ಮೂಲೆಯಲ್ಲಿ ನಗು ಶುರುವಾಗುವುದು ಕೂಡ ಕಾಣುತ್ತಿತ್ತು. ಜನ ಸೀಟಿ ಹೊಡೆಯುತ್ತಿದ್ದಾರೆ, ಹರದೇಶಿಯವ ಮೀಸೆ ತಿರುವುತ್ತಿದ್ದಾನೆ, ದಪ್ಪಿನವರು ಗಾಬರಿಯಾಗಿ ಈಕೆಯ ಮುಖ ನೋಡುತ್ತಿದ್ದಾರೆ. ಈಕೆ ಕೈಯಲ್ಲೇ, ನೀ ಬಾರಿಸುತ್ತಿರು ಎಂದು ಸನ್ನೆ ಮಾಡುತ್ತಾರೆ. ನಗು ತಾನಾಗಿಯೇ ಸೋತು ಅಡಗುವವರೆಗೆ ಹಾಗೆಯೇ ನಿಲ್ಲುತ್ತಾರೆ. ಆಮೇಲೆ ತಲೆ ಎತ್ತಿ ಹಾಡುತ್ತಾರೆ:

ಬೀಜ ನಿಂದು, ಮಳಿ ನಿಂದು, ನೇಗಿಲ ನಿಂದು,
ಎಲ್ಲಾ ಹೊತ್ತಗೊಂಡ ನಿಂತೀಯಪಾ ಜಾಣ,
ನಿಂತದ್ದ ಎಲ್ಲಿ ಹೇಳ? ಕಾಲ ಕೆಳಗ ಯಾರ?

ಭೂಮಿತಾಯಿ. ಆ ಮನುಷ್ಯ ತನ್ನ ಕಾಲ ಕೆಳಗೆ ನೋಡಿಕೊಂಡ. ಕ್ಯಾಮೆರಾ ಅದನ್ನೂ ಹಿಡಿದಿತ್ತು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಇಂಥ ಹೆಂಗಸನ್ನು ಬಾಯಿ ಬಾರದವಳು ಎಂದಿದ್ದರಲ್ಲ! ಹಾಡುಗಾರ್ತಿ ಸೆರಗಿನಿಂದ ಮುಖ ಒರೆಸಿಕೊಂಡು ಇನ್ನೊಮ್ಮೆ ಹಾಕು ಎಂದರು. ಅಂಥ ಜವಾಬನ್ನು ಎಷ್ಟು ಸಲ ಹಾಕಿದರೂ ಬೇಜಾರಾಗುತ್ತಿರಲಿಲ್ಲ.

ಜಗಳ ಆದದ್ದು ಆಮೇಲೆ. ನಿಂತ ಹೊತ್ತು ಬಹಳ ಉದ್ದ ಇತ್ತು. ಎಡಿಟಿಂಗಿನವರ ಕೈ ಅಂಥ ಜಾಗ ಕಂಡರೆ ಸುಮ್ಮನಿರುವುದಿಲ್ಲ. ಇಷ್ಟು ಹೊತ್ತು ಯಾರೂ ನೋಡುವುದಿಲ್ಲ, ಫೋನಿನಲ್ಲಿ ಬೆರಳಿನಿಂದ ದಾಟಿಸಿಬಿಡುತ್ತಾರೆ, ಸವಾಲು ಆದ ಕೂಡಲೇ ಜವಾಬು ಬಂದಂತೆ ಮಾಡಿಬಿಡುತ್ತೇನೆ ಎಂದೆ. ನಮ್ಮ ಮನೆಯವರೂ ತಲೆ ಆಡಿಸಿದರು. ಹಾಡುಗಾರ್ತಿ ನನ್ನ ಕೈಯಿಂದ ಮೌಸ್ ತೆಗೆದು ಅತ್ತ ಇಟ್ಟರು.

"ಅವರು ಈ ಕಡೆ ಕೊಯ್ದರು, ನೀ ಆ ಕಡೆ ಕೊಯ್ತಿ. ನಿಮ್ಮಿಬ್ಬರದೂ ಒಂದ ಆತ ಬಿಡ."

ನಿಮ್ಮ ಒಳ್ಳೆಯದಕ್ಕೇ ಹೇಳಿದ್ದು ಎಂದೆ, ಸ್ವಲ್ಪ ಖಾರವಾಗಿಯೇ.

"ನಾ ಸುಮ್ಮನ ನಿಂತದ್ದು ಖರೆ ಐತಿ, ತಂಗಿ. ಸೋತು ನಿಂತಿರಲಿಲ್ಲ. ಅಷ್ಟು ಮಂದಿ ನಗಾಕತ್ತಾಗ ನಿಂತು ಯೋಚನೆ ಮಾಡಿದ್ದ ನನ್ನ ಹಾಡಕಿ. ಅದನ್ನ ತಗದರ ಉಳದದ್ದು ಯಾರರ ಬಾಯಿಪಾಠ ಮಾಡಿ ಹಾಡಿದಂಗ ಕಾಣತೈತಿ."

ಸಿಟ್ಟು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಕೆ ಹೋದ ಮೇಲೆ ಒಬ್ಬಳೇ ಕೂತು ನನ್ನ ಹಾಗೆ ಕತ್ತರಿಸಿದ್ದನ್ನೂ, ಕತ್ತರಿಸದೆ ಇದ್ದದ್ದನ್ನೂ ಒಂದರ ಹಿಂದೆ ಒಂದು ಹಾಕಿ ನೋಡಿದೆ. ಕತ್ತರಿಸಿದ್ದರಲ್ಲಿ ಆಕೆ ಚುರುಕಾಗಿ ಕಂಡರು. ಕತ್ತರಿಸದೆ ಇದ್ದದ್ದರಲ್ಲಿ, ಜವಾಬು ಬರುತ್ತದೆ ಎಂದು ಗೊತ್ತಿದ್ದ ನನಗೇ ಎಲ್ಲಿ ಬರುವುದಿಲ್ಲವೋ ಎನ್ನಿಸಿತು. ನನ್ನ ಕತ್ತರಿಸಿದ ಪ್ರತಿಯನ್ನು ಅಳಿಸಿದೆ. ಸವಾಲಿನ ಮೊದಲ ಅಕ್ಷರದಿಂದ ಜವಾಬಿನ ಕೊನೆಯವರೆಗೆ ಒಂದೂ ಕಟ್ ಇಲ್ಲ, ಹೆಸರಿನ ಪಟ್ಟಿ ಇಲ್ಲ, ಮೇಲೊಂದು ಸಂಗೀತವಿಲ್ಲ ಎಂದು ನಿರ್ಧರಿಸಿದೆ. ಎಡಿಟರ್ ಆಗಿ ನಾನು ಅತ್ಯಂತ ಕಡಿಮೆ ಕೆಲಸ ಮಾಡಿದ ವಿಡಿಯೋ ಅದು, ಅತ್ಯಂತ ಹೆಚ್ಚು ದುಡಿದದ್ದೂ ಅದೇ.

ಲ್ಯಾಪ್‌ಟಾಪ್ ಹಿಡಿದುಕೊಂಡು ಇಬ್ಬರೂ ರಾಯಬಾಗಕ್ಕೆ ಹೋದೆವು. ಕಮಿಟಿಯ ಅಧ್ಯಕ್ಷರು ಕಬ್ಬಿನ ಹೊಲ, ದ್ರಾಕ್ಷಿ ಪಡ ಇಟ್ಟುಕೊಂಡ ದೊಡ್ಡ ಮನುಷ್ಯರು, ಕೆಟ್ಟವರಲ್ಲ. ಜವಾಬು ಕೇಳಿ ತೊಡೆ ತಟ್ಟಿ ನಕ್ಕರು, ತಪ್ಪಾಯಿತು ಎಂದು ಹಾಡುಗಾರ್ತಿಗೆ ಕೈ ಮುಗಿದರು, ಖುರ್ಚಿ ನಿಮ್ಮದೇ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಆ ನಿಂತ ಭಾಗ ತೆಗೆದು ಜವಾಬಷ್ಟೇ ಕೊಟ್ಟುಬಿಡಿ, ಎಲ್ಲ ಗ್ರೂಪಿಗೂ ಬಿಡೋಣ ಎಂದರು.

"ಕೊಟ್ಟರ ಪೂರ್ತಿ ಕೊಡ್ತೇನ್ರಿ ಸಾಹೇಬ್ರ," ಎಂದೆ. "ಕೊಯ್ದು ಕೊಡೂದಿಲ್ಲ."

ಹಾಡುಗಾರ್ತಿಯದು ಇನ್ನೊಂದು ಷರತ್ತಿತ್ತು. ಎಲ್ಲರ ಎದುರಿಗೆ ನಗೆಪಾಟಲಾದದ್ದು, ಎಲ್ಲರ ಎದುರಿಗೇ ಸರಿಯಾಗಬೇಕು. ಸ್ಪರ್ಧೆಯ ದಿನ ಎಲ್‌ಇಡಿ ಪರದೆ ಹಾಕುತ್ತೀರಲ್ಲ, ಮೊದಲು ಅದರ ಮೇಲೆ ಇದು ಪೂರ್ತಿ ಓಡಲಿ, ಆಮೇಲೆ ನಾನು ಕೂರುತ್ತೇನೆ. ಅಧ್ಯಕ್ಷರು ತಲೆ ಕೆರೆದುಕೊಂಡರು. ಜನ ಗದ್ದಲ ಮಾಡಿದರೆ ನಾನು ಸನ್ನೆ ಮಾಡುತ್ತೇನೆ, ನೀವು ಮುಂದಕ್ಕೆ ಓಡಿಸಿಬಿಡಿ ಎಂದು ನನಗೆ ಹೇಳಿ ಒಪ್ಪಿಕೊಂಡರು. ನಾನು ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿದೆ.

ಸ್ಪರ್ಧೆ ಹಗಲಿನಲ್ಲೇ ಇತ್ತು. ಪೆಂಡಾಲು ತುಂಬಿ ಜನ ಬಿಸಿಲಲ್ಲೂ ನಿಂತಿದ್ದರು. ವೇದಿಕೆಯ ಪಕ್ಕದಲ್ಲಿ, ಪರದೆಗೆ ಜೋಡಿಸಿದ ಲ್ಯಾಪ್‌ಟಾಪಿನ ಮುಂದೆ ನಾನು. ಸವಾಲು ಮೊಳಗಿತು. ಆ ದೊಡ್ಡ ಪರದೆಯ ಮೇಲೆ ಆಕೆ ತಲೆ ತಗ್ಗಿಸಿದರು. ಕ್ಲಿಪ್ ನೋಡಿದ ಜನವೇ ತಾನೆ, ನಗು ಶುರುವಾಯಿತು. ಹಿಂದಿನಿಂದ ಸೀಟಿ ಬಂತು. ಯಾರೋ, ಇನ್ನೂ ನಿಂತಾಳಲೇ, ಎಂದು ಕೂಗಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಹಾಡುಗಾರ್ತಿ ತಿರುಗಿ ನೋಡಲಿಲ್ಲ. ವೇದಿಕೆಯ ಮೇಲಿಂದ ಅಧ್ಯಕ್ಷರು ನನ್ನ ಕಡೆ ನೋಡಿ, ಓಡಿಸಿ ಓಡಿಸಿ ಎಂದು ಕೈ ತಿರುವಿದರು. ನಾನು ಎರಡೂ ಕೈ ಕಟ್ಟಿಕೊಂಡು ಕೂತೆ.

ಅವರು ಮತ್ತೆ ಕೈ ತಿರುವಿದರು. ನಾನು ಪರದೆಯನ್ನೇ ನೋಡಿದೆ. ಈಗ ಕಣ್ಣುಗಳು ಕಾಣುತ್ತಿದ್ದವು. ಮೊದಲು ಸುಮ್ಮನಾದವರು ಹೆಂಗಸರ ಕಡೆಯವರು. ಆಕೆ ಏನು ನೋಡುತ್ತಿದ್ದಾಳೆ ಎಂದು ಯಾರೋ ಪಕ್ಕದವರನ್ನು ಕೇಳಿದ್ದು ಕೇಳಿಸಿತು. ನಗು ಒಂದೊಂದು ಸಾಲಿನಲ್ಲಿ ಇಳಿಯುತ್ತ ಬಂತು. ಕೊನೆಗೆ ಪೆಂಡಾಲಿನಲ್ಲಿ ಬರೀ ದಪ್ಪಿನ ಸಣ್ಣ ಪೆಟ್ಟು ಉಳಿಯಿತು, ಒಂದೂ ತಪ್ಪದೆ. ಆಮೇಲೆ ಆಕೆ ತಲೆ ಎತ್ತಿದರು.

ಜವಾಬು ಮುಗಿದಾಗ ಎದ್ದ ಕೇಕೆಗೆ ಪರದೆಯ ಹಿಂದಿನ ಜನರೇಟರ್ ಸದ್ದೂ ಅಡಗಿತು. ಮುಂದೆ ಕೂತಿದ್ದ ಒಬ್ಬ ಹಿರಿಯರು ಚಪ್ಪಲಿ ಬಿಟ್ಟು, ಕಾಲು ನೆಲಕ್ಕೆ ತಾಗದಂತೆ ಖುರ್ಚಿಯ ಮೇಲೆತ್ತಿಕೊಂಡು ಚಕ್ಕಳಮಕ್ಕಳ ಹಾಕಿ ಕೂತರು. ಹಾಡುಗಾರ್ತಿ ಯಾರೂ ಕರೆಯುವ ಮೊದಲೇ ಎದ್ದು ವೇದಿಕೆ ಹತ್ತಿದರು, ನಡುವಿನ ಖುರ್ಚಿಯಲ್ಲಿ ಕೂತರು. ಅಧ್ಯಕ್ಷರು ಅವಸರದಿಂದ ಶಾಲು, ಹಾರ ಹಿಡಿದು ಬಂದು ಸತ್ಕಾರಕ್ಕೆ ನಿಂತರು, ಫೋಟೋದವರೂ ಓಡಿ ಬಂದರು.

"ಅದನ್ನ ಅತ್ಲಾಗ ಇಡ್ರಿ," ಎಂದರು ಆಕೆ ಮೈಕಿನಲ್ಲೇ. "ಮೊದಲನೇ ಹುಡುಗಿ ಅವಾಗಿಂದ ಕಾಯಾಕತ್ತಾಳ. ಆಕಿ ಹಾಡ್ಲಿ."